ಪದಚರ್ಚೆ: ಡೌನ್‌ಫೋರ್ಸ್‌ಗೆ ‘ಕೆಳಒತ್ತಡ’ ಆದೀತೇ?

ನಮಸ್ಕಾರ. ಎಲೆಕ್ಟ್ರಿಕ್ ಸೂಪರ್‌ಕಾರುಗಳ ವಿನ್ಯಾಸದ ಬಗ್ಗೆ ಒಂದು ಲೇಖನ ತಿದ್ದುತ್ತಿದ್ದೇನೆ. ಲೋಟಸ್ ಎವೈಯಾ ಕುರಿತ ಭಾಗದಲ್ಲಿ ಈ ವಾಕ್ಯವಿದೆ: ‘ಡಿಫ್ಯೂಸರ್ ಕೆಳಒತ್ತಡವನ್ನು ಹೆಚ್ಚಿಸುತ್ತದೆ, ಹಿಂಬದಿಯ ಸುರಂಗಗಳು ಎಳೆತವನ್ನು ತಗ್ಗಿಸುತ್ತವೆ.’ ಡೌನ್‌ಫೋರ್ಸ್ (ಕಾರನ್ನು ಗಾಳಿ ನೆಲಕ್ಕೆ ಅದುಮುವ ಬಲ), ಡ್ರ್ಯಾಗ್ (ಓಡುವ ಕಾರನ್ನು ಗಾಳಿ ಹಿಂದಕ್ಕೆ ಜಗ್ಗುವ ಬಲ) ಇವುಗಳಿಗೆ ಈ ಪದಗಳು ಒಪ್ಪುತ್ತವೆಯೇ? ಹೊಸ ಆಲೋಚನೆಯನ್ನು ತೋರಿಸಲು ಮಾಡುವ ಕಾನ್ಸೆಪ್ಟ್ ಕಾರನ್ನು ‘ಮೂಲಮಾದರಿ’ ಎಂದು ಕರೆದಿದ್ದಾರೆ. ಬಲ್ಲವರು ತಿಳಿಸಿ.

ಉತ್ತರ:

‘ಕೆಳಒತ್ತಡ’ ಬೇಡವೇ ಬೇಡ. ಶಾಲೆಯ ಪುಸ್ತಕಗಳಲ್ಲೇ ಒತ್ತಡ ಎಂದರೆ ಪ್ರೆಶರ್, ಬಲ ಎಂದರೆ ಫೋರ್ಸ್ ಎಂದು ರೂಢಿಯಾಗಿದೆ. ಡೌನ್‌ಫೋರ್ಸ್ ಹುಟ್ಟುವುದೇ ಕಾರಿನ ಅಡಿಯಲ್ಲಿ ಒತ್ತಡ ಇಳಿಯುವುದರಿಂದ. ನೆಲಕ್ಕೂ ಕಾರಿನ ತಳಕ್ಕೂ ನಡುವಿನ ಕಿರಿದಾದ ಸಂದಿನಲ್ಲಿ ಗಾಳಿ ರಭಸವಾಗಿ ಹರಿಯುತ್ತದೆ, ಒತ್ತಡ ಕುಸಿಯುತ್ತದೆ. ಆಗ ಮೇಲಿನ ಗಾಳಿ ಕಾರನ್ನು ಕೆಳಕ್ಕೆ ಅದುಮುತ್ತದೆ. ಹಿಂಬದಿಯಲ್ಲಿ ಓರೆಯಾಗಿ ಮೇಲೇರುವ ತಳವೇ ಡಿಫ್ಯೂಸರ್. ಗಾಳಿ ಅಲ್ಲಿ ಹರಡಿಕೊಂಡು, ವೇಗ ಕಳೆದುಕೊಂಡು ಹೊರಗಿನ ಒತ್ತಡಕ್ಕೆ ಮರಳುತ್ತದೆ. ಓರೆ ತೀರಾ ಕಡಿದಾದರೆ ಗಾಳಿ ತಳವನ್ನು ಬಿಟ್ಟು ಸುಳಿಸುತ್ತಿ, ಬಲ ಒಮ್ಮೆಲೇ ಬಿದ್ದುಹೋಗುತ್ತದೆ. ಇಷ್ಟು ತಿಳಿದ ಓದುಗ ‘ಕೆಳಒತ್ತಡ ಹೆಚ್ಚಿತು’ ಎಂಬುದನ್ನು ಓದಿದರೆ, ತಳದ ಒತ್ತಡ ಏರಿ ಕಾರು ಮೇಲೇಳುತ್ತದೆ ಎಂದೇ ಅರ್ಥ ಮಾಡಿಕೊಳ್ಳುತ್ತಾನೆ!

‘ಕೆಳಮುಖ ಬಲ’ ಎಂದರೆ ಸಾಕು. ಇದಕ್ಕೂ ಒಂದು ತೊಡಕಿದೆ, ನಿಜ. ಮ್ಯಾಕ್‌ಮರ್ಟ್ರಿ ಸ್ಪೀರ್ಲಿಂಗ್ ಎಂಬ ಎಲೆಕ್ಟ್ರಿಕ್ ಕಾರು ಫ್ಯಾನ್‌ಗಳಿಂದ ಅಡಿಯ ಗಾಳಿಯನ್ನು ಹೀರಿ, ನಿಂತಲ್ಲೇ ಸುಮಾರು 2,000 ಕೆಜಿ ತೂಕದಷ್ಟು ಬಲ ಹುಟ್ಟಿಸುತ್ತದೆ. 2025ರಲ್ಲಿ ಅದನ್ನು ತಲೆಕೆಳಗಾಗಿಯೂ ಓಡಿಸಿ ತೋರಿಸಿದರು. ಆಗ ಈ ‘ಕೆಳಮುಖ’ ಬಲ ಮುಗಿಲಿಗೆ ಮುಖ ಮಾಡಿತ್ತು. ಆದರೆ ಅಂಥ ವಿಚಿತ್ರಕ್ಕಾಗಿ ಹೊಸ ಪದ ಕಟ್ಟಬೇಕಿಲ್ಲ. ‘ನೆಲಕಚ್ಚುವ ಬಲ’ ಎಂದು ಮಾತ್ರ ಯಾರೂ ಬರೆಯದಿರಲಿ. ಕೋಟಿಗಟ್ಟಲೆ ಬೆಲೆಯ ಕಾರು ನೆಲಕಚ್ಚಿತು ಅಂದರೆ ಕಂಪನಿಯವರು ಹೌಹಾರಿಯಾರು. ‘ಹಿಡಿತ’ವೂ ಆಗದು. ಅದು ಟೈರಿಗೂ ರಸ್ತೆಗೂ ಸಂಬಂಧಿಸಿದ್ದು, ಈ ಬಲದ ಫಲ.

‘ಎಳೆತ’ ತಪ್ಪಲ್ಲ, ಅಸ್ಪಷ್ಟ. ಮೋಟರ್ ಕಾರನ್ನು ಮುಂದಕ್ಕೆ ಎಳೆಯುವುದೂ ಎಳೆತ, ಗಾಳಿ ಹಿಂದಕ್ಕೆ ಜಗ್ಗುವುದೂ ಎಳೆತ. ಕಾರಿನ ಮಟ್ಟಿಗೆ ‘ಗಾಳಿತಡೆ’ ಒಳ್ಳೆಯದು, ಅಂಕಿ ಕೊಡುವಾಗ ‘ಗಾಳಿತಡೆ ಗುಣಾಂಕ’ (ಇದು ಚಿಕ್ಕದಾದಷ್ಟೂ ಗಾಳಿ ಸಲೀಸಾಗಿ ಸರಿಯುತ್ತದೆ): ಮರ್ಸಿಡಿಸ್ ವಿಷನ್ ಇಕ್ಯೂಎಕ್ಸ್‌ಎಕ್ಸ್‌ಗೆ 0.17, ರಿಮಾಕ್ ನೆವೆರಾಗೆ 0.30. 2019ರಲ್ಲಿ ಹೊರಬಂದ ಎವೈಯಾದಲ್ಲಿ ಆ ಸುರಂಗಗಳು ಹಿಂಬದಿಯ ಎರಡೂ ಪಕ್ಕಗಳಲ್ಲಿ ಆರಪಾರವಾಗಿವೆ. ಓಡುವ ಕಾರಿನ ಬೆನ್ನಿಗೆ ಕಡಿಮೆ ಒತ್ತಡದ ಜಾಗವೊಂದು ಹುಟ್ಟುತ್ತದಲ್ಲ, ಅದನ್ನು ಇವುಗಳಿಂದ ಬರುವ ಗಾಳಿ ತುಂಬುತ್ತದೆ. ಗಾಳಿತಡೆ ತಗ್ಗುವುದು ಹಾಗೆ.

‘ಮೂಲಮಾದರಿ’ಯನ್ನು ಪ್ರೊಟೊಟೈಪ್‌ಗೆ, ಅಂದರೆ ಮಾರಾಟಕ್ಕೆ ಮುನ್ನ ಪರೀಕ್ಷೆಗೆಂದು ಕಟ್ಟುವ ಕಾರಿಗೆ, ಬಿಟ್ಟುಬಿಡಿ. ಲ್ಯಾಂಬೊರ್ಗಿನಿಯ 2017ರ ಟೆರ್ಜೊ ಮಿಲೆನಿಯೊ ಕಾನ್ಸೆಪ್ಟ್ ಕಾರು: ಕಾರ್ಬನ್ ಫೈಬರ್ ಮೈಯಲ್ಲೇ ವಿದ್ಯುತ್ ಕೂಡಿಡುವ ಆಲೋಚನೆಯನ್ನು ಮುಂದಿಡಲು ಮಾಡಿದ್ದು. ಪೋರ್ಷೆ ಮಿಷನ್ ಇ (2015) ಕಾನ್ಸೆಪ್ಟ್. ಅದು 2019ರಲ್ಲಿ ಟೈಕಾನ್ ಆಗಿ ಬರುವ ಮುನ್ನ ಪರೀಕ್ಷೆಗೆ ಓಡಾಡಿದವು ಮೂಲಮಾದರಿಗಳು. ‘ಪರಿಕಲ್ಪನಾ ಕಾರು’ ಪತ್ರಿಕೆಗಳಲ್ಲಿ ನಡೆಯುತ್ತದೆ. ನಾನಾದರೆ ‘ಕಾನ್ಸೆಪ್ಟ್ ಕಾರು’ ಎಂದೇ ಬರೆಯುತ್ತೇನೆ.

ವಾಕ್ಯ ಹೀಗಿರಲಿ: ‘ಡಿಫ್ಯೂಸರ್ ಕೆಳಮುಖ ಬಲವನ್ನು ಹೆಚ್ಚಿಸುತ್ತದೆ, ಹಿಂಬದಿಯ ಸುರಂಗಗಳು ಗಾಳಿತಡೆಯನ್ನು ತಗ್ಗಿಸುತ್ತವೆ.’