ಮಗ ಮಾತುಮಾತಿಗೂ ರೇಗುತ್ತಾನೆ, ಇದು ವಯಸ್ಸಿನದ್ದಾ, ಖಿನ್ನತೆಯಾ?

ಪ್ರಶ್ನೆ:
ಮಗನಿಗೆ 15 ವರ್ಷ. ಕೆಲವು ತಿಂಗಳಿಂದ ಏನು ಕೇಳಿದರೂ ಸಿಡುಕುತ್ತಾನೆ. ಊಟಕ್ಕೆ ಕರೆದರೆ ಬಾಗಿಲ ಆ ಕಡೆಯಿಂದಲೇ "ಬೇಡ" ಅನ್ನುತ್ತಾನೆ. ಗಿಟಾರ್ ಅಂದರೆ ಪ್ರಾಣ ಬಿಡುತ್ತಿದ್ದ ಹುಡುಗ, ಈಗ ಒಂದು ತಂತಿ ಕಿತ್ತುಹೋಗಿದ್ದರೂ ಹೊಸದು ಹಾಕುವ ಗೋಜಿಗೇ ಹೋಗಿಲ್ಲ. ಸೋಮವಾರ ಬಂತೆಂದರೆ ಹೊಟ್ಟೆನೋವು, ಡಾಕ್ಟರಿಗೆ ತೋರಿಸಿದರೆ ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ ಅಂದರು. ಆದರೆ ಅವನು ಅತ್ತಿದ್ದು ನಾನು ನೋಡಿಲ್ಲ, ಫೋನಿನಲ್ಲಿ ಗೆಳೆಯರ ಜೊತೆ ನಗುವುದೂ ಕೇಳಿಸುತ್ತದೆ. "ಆ ವಯಸ್ಸೇ ಹಾಗೆ, ಸುಮ್ನೆ ಬಿಡಿ" ಅಂತಾರೆ ಎಲ್ಲರೂ. ಬಿಡಬಹುದಾ?

ಉತ್ತರ 1:
ಬಿಡಬೇಡಿ. ಹದಿಹರೆಯದ ಮಕ್ಕಳ ಜೊತೆ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ, ಅಳು ಕಾಣಿಸಲಿಲ್ಲ ಅಂತ ತಡ ಮಾಡಿದವರನ್ನು ತುಂಬ ನೋಡಿದ್ದೇನೆ. ಈ ವಯಸ್ಸಿನಲ್ಲಿ ಖಿನ್ನತೆ ಬೇಸರಕ್ಕಿಂತ ಜಾಸ್ತಿ ಸಿಡುಕಾಗಿಯೇ ಹೊರಗೆ ಬರಬಹುದು. ಮನೋವೈದ್ಯರು ಬಳಸುವ ಡಿಎಸ್ಎಂ-5 ಕೈಪಿಡಿಯಲ್ಲೂ ಇದನ್ನು ಹೇಳಿದ್ದಾರೆ. ಗೆಳೆಯರ ಜೊತೆ ಸ್ವಲ್ಪ ಹೊತ್ತು ನಕ್ಕ ಮಾತ್ರಕ್ಕೆ ಒಳಗೆಲ್ಲ ಸರಿಯಿದೆ ಅಂತಲೂ ಅಲ್ಲ.

ನನಗೆ ಸಿಡುಕಿಗಿಂತ ಆ ಗಿಟಾರ್ ಜಾಸ್ತಿ ಚಿಂತೆ ತರುತ್ತಿದೆ. ಒಂದು ಹವ್ಯಾಸ ಬಿಟ್ಟು ಇನ್ನೊಂದು ಹಿಡಿಯುವುದು ಈ ವಯಸ್ಸಿಗೆ ಸಹಜ, ಆದರೆ ಇಷ್ಟದ್ದನ್ನು ಬಿಟ್ಟು ಅದರ ಜಾಗದಲ್ಲಿ ಏನೂ ಬರದಿದ್ದರೆ, ಅದೂ ಎರಡು ವಾರ ದಾಟಿ ಹೆಚ್ಚುಕಮ್ಮಿ ದಿನವೂ ಹಾಗೇ ಇದ್ದರೆ, ತೋರಿಸಲೇಬೇಕು. ನಿದ್ದೆ ಹೇಗಿದೆ ನೋಡಿ. ತಡವಾಗಿ ಮಲಗುವುದು ಈ ವಯಸ್ಸಿನ ದೇಹದ ಗಡಿಯಾರವೇ, ಅದಕ್ಕೆ ಹೆದರಬೇಡಿ. ನಡುರಾತ್ರಿ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು, ಎಷ್ಟು ಮಲಗಿದರೂ ಸುಸ್ತು ಹೋಗದಿರುವುದು ಬೇರೆ ಮಾತು. ಥೈರಾಯ್ಡ್, ರಕ್ತಹೀನತೆ ಇದ್ದರೂ ಸುಸ್ತು ಬರುತ್ತದೆ, ಡಾಕ್ಟರ್ ಹತ್ತಿರ ರಕ್ತ ಪರೀಕ್ಷೆ ಬಗ್ಗೆಯೂ ಕೇಳಿ.

ಉತ್ತರ 2:
ಆ ಹೊಟ್ಟೆನೋವನ್ನು ದಯವಿಟ್ಟು ನಾಟಕ ಅನ್ನಬೇಡಿ. ನನಗೂ ಆ ವಯಸ್ಸಿನಲ್ಲಿ ಆತಂಕದ ಕಾಯಿಲೆ ಇತ್ತು. ಬೆಳಗ್ಗೆ ನಿಜವಾಗಿಯೇ ಹೊಟ್ಟೆ ಹಿಂಡುತ್ತಿತ್ತು, ಇವತ್ತು ಶಾಲೆ ಬೇಡ ಅಂದ ತಕ್ಷಣ ಕಮ್ಮಿಯಾಗುತ್ತಿತ್ತು, ಅದಕ್ಕೇ ಯಾರೂ ನಂಬುತ್ತಿರಲಿಲ್ಲ. ತಪ್ಪಿಸಿಕೊಂಡ ದಿನ ಹಾಯೆನಿಸುತ್ತದೆ, ಆದರೆ ಮರುದಿನದ ಭಯ ಇನ್ನೂ ದೊಡ್ಡದಾಗುತ್ತದೆ. ಹಾಗಂತ ಎಳೆದುಕೊಂಡು ಹೋಗಿ ಬಿಡುವುದಲ್ಲ. ಅವನಿಗೆ ಯಾವುದು ಕಷ್ಟ, ತರಗತಿಯಲ್ಲಿ ಎದ್ದು ಮಾತಾಡುವುದಾ, ಪರೀಕ್ಷೆಯಾ, ಯಾರಾದರೂ ಕಾಡಿಸುತ್ತಿದ್ದಾರಾ, ಅದನ್ನು ತಿಳಿದುಕೊಳ್ಳಿ. ಎದುರು ಕೂರಿಸಿಕೊಂಡು ವಿಚಾರಣೆ ಮಾಡಿದರೆ ಬಾಯಿ ಬಿಡಲ್ಲ. ಜೊತೆಗೆ ನಡೆಯುವಾಗ ಕೇಳಿ, ಮುಖ ನೋಡಬೇಕಾಗಿಲ್ಲದಿದ್ದರೆ ಮಾತು ಸುಲಭ.

ಪ್ರಶ್ನೆ ಕೇಳಿದವರು:
ತುಂಬ ಥ್ಯಾಂಕ್ಸ್. ಇನ್ನೊಂದು ಭಯ ಇದೆ. ಸಾಯುವ ಯೋಚನೆ ಬರುತ್ತಿದೆಯಾ ಅಂತ ಕೇಳಿದರೆ ನಾವೇ ಅದನ್ನು ತಲೆಗೆ ತುಂಬಿದಂತೆ ಆಗಲ್ವಾ?

ಉತ್ತರ 1:
ಆಗಲ್ಲ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎಷ್ಟೋ ಮಕ್ಕಳಿಗೆ ಕೊನೆಗೂ ಯಾರೋ ಕೇಳಿದರಲ್ಲ ಅಂತ ಸಮಾಧಾನವೇ ಆಗುತ್ತದೆ. ನೇರವಾಗಿ ಕೇಳಿ, "ಬದುಕಿರೋದೇ ಬೇಡ ಅನಿಸಿದೆಯಾ?" ಅಂತ. ಹೌದು ಅಂದರೆ ಬುದ್ಧಿ ಹೇಳೋಕೆ ಹೋಗಬೇಡಿ, ಪೂರ್ತಿ ಕೇಳಿಸಿಕೊಳ್ಳಿ. ಮಾತ್ರೆ, ಚೂಪಾದ ವಸ್ತು ಎಲ್ಲ ಕೈಗೆ ಸಿಗದಂತೆ ಇಡಿ, ಒಬ್ಬನನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇಲ್ಲ ಅಂದರೂ ಈ ವಾರವೇ ಮಕ್ಕಳ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ನೋಡಿ, ಸ್ವಲ್ಪ ಹೊತ್ತು ಅವನೊಬ್ಬನ ಜೊತೆಯೇ ಮಾತಾಡೋಕೆ ಅವರಿಗೆ ಹೇಳಿ.