ಕರಡಿ ಕುಣಿತ ನಿಂತಿತು, ಆನೆ ಭಿಕ್ಷೆ ಯಾಕೆ ನಿಲ್ಲುತ್ತಿಲ್ಲ?

ಮಲಪ್ರಭಾ ದಂಡೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಬಾಗಲಕೋಟೆ ಕಡೆ ಒಂದು ಸಣ್ಣ ಪೇಟೆ. ಶ್ರಾವಣ ಬಂತೆಂದರೆ ಇಲ್ಲಿಗೆ ಆನೆ ಬರುತ್ತದೆ. ಹೊರ ರಾಜ್ಯದವರು ಹೊಡೆದುಕೊಂಡು ಬರುತ್ತಾರೆ. ಹಣೆಗೆ ಬಣ್ಣ, ಬೆನ್ನಿಗೆ ಜರಿ ಬಟ್ಟೆ, ಕೊರಳಿಗೆ ಗಂಟೆ. ಅಂಗಡಿ ಅಂಗಡಿ ಮುಂದೆ ನಿಲ್ಲಿಸುತ್ತಾರೆ. ಸೊಂಡಿಲ ತುದಿಗೆ ನೋಟು ಕೊಟ್ಟರೆ ಅದು ಮೇಲೆ ಕೂತವನ ಕೈಗೆ ದಾಟಿಸುತ್ತದೆ, ಆಮೇಲೆ ಕೊಟ್ಟವರ ತಲೆ ಮೇಲೆ ಸೊಂಡಿಲು ಇಡುತ್ತದೆ. ಜನ ಕೈ ಮುಗಿಯುತ್ತಾರೆ.

ಈ ಸಲ ಹತ್ತಿರ ಹೋಗಿ ನೋಡಿದೆ. ಹಿಂಗಾಲಿಗೆ ಸರಪಳಿ ಸುತ್ತಿದ ಜಾಗದಲ್ಲಿ ಚರ್ಮ ಕಿತ್ತುಹೋಗಿತ್ತು, ಅದರ ಮೇಲೆ ಅರಿಶಿನ ಮೆತ್ತಿದ್ದರು. ಬಿಸಿಲಿಗೆ ಕಾದ ಡಾಂಬರಿನ ಮೇಲೆ ನಿಂತು ಒಂದೊಂದೇ ಕಾಲು ಎತ್ತಿ ಇಡುತ್ತಿತ್ತು, ತಲೆ ಆ ಕಡೆ ಈ ಕಡೆ ತೂಗುತ್ತಿತ್ತು. ಹುಡುಗರು "ಆನಿ ಕುಣ್ಯಾಕತ್ತೈತಿ" ಅಂತ ಚಪ್ಪಾಳೆ ತಟ್ಟಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ನಾನು ಸಣ್ಣವನಿದ್ದಾಗ ಕರಡಿ ಆಡಿಸುವವರು ಬರುತ್ತಿದ್ದರು. ಮಕ್ಕಳ ಅಂಜಿಕೆ ಹೋಗುತ್ತದೆ ಅಂತ ಕರಡಿ ಮೇಲೆ ಕೂರಿಸುತ್ತಿದ್ದರು, ಅದರ ಕೂದಲನ್ನು ತಾಯತಕ್ಕೆ ಕೊಡುತ್ತಿದ್ದರು. ಈಗ ಒಬ್ಬರೂ ಕಾಣುವುದಿಲ್ಲ. ಅದು ಹೇಗೆ ನಿಂತಿತು? ಅದೇ ದಾರಿ ಆನೆಗೆ ಯಾಕೆ ಆಗುತ್ತಿಲ್ಲ? ನಾವು ಕೆಲವು ಗೆಳೆಯರು ಸೇರಿ ಏನಾದರೂ ಮಾಡಬೇಕು ಅಂತಿದ್ದೇವೆ. ವಿಡಿಯೋ ಹಾಕಿ ವೈರಲ್ ಮಾಡೋಣ ಅಂತ ಒಬ್ಬ ಹೇಳುತ್ತಿದ್ದಾನೆ. ಅದರಿಂದ ಏನಾದರೂ ಆಗುತ್ತದಾ? ತಿಳಿದವರು ಹೇಳಿ.

ಬನ್ನೇರುಘಟ್ಟ ರಸ್ತೆ:

ಕರಡಿ ವಿಷಯ ನನಗೆ ಚೆನ್ನಾಗಿ ಗೊತ್ತು, ಹೇಳ್ತೀನಿ. ಸ್ವಲ್ಪ ಉದ್ದ ಆಗಬಹುದು.

1972ರ ವನ್ಯಜೀವಿ ಕಾಯ್ದೆ ಬಂದಾಗಲೇ ಕರಡಿ ಹಿಡಿಯುವುದು ಅಪರಾಧವಾಗಿತ್ತು. ಆದರೂ ಕುಣಿತ ಮೂರು ದಶಕಕ್ಕಿಂತ ಜಾಸ್ತಿ ನಡೆಯಿತು. ಕಾಡಿನಲ್ಲಿ ತಾಯಿ ಕರಡಿಯನ್ನು ಕೊಂದು ಮರಿ ತರುತ್ತಿದ್ದರು. ಕೆಂಪಗೆ ಕಾಯಿಸಿದ ಕಬ್ಬಿಣದಿಂದ ಮರಿಯ ಮೂತಿಗೆ ತೂತು ಹಾಕಿ ಹಗ್ಗ ಪೋಣಿಸುತ್ತಿದ್ದರು. ಅರಿವಳಿಕೆ ಗಿರಿವಳಿಕೆ ಏನೂ ಇಲ್ಲ. ಕೋರೆಹಲ್ಲು ಮುರಿಯುತ್ತಿದ್ದರು. ಮಾಸದ ಆ ಗಾಯಕ್ಕೆ ಹಗ್ಗ ಜಗ್ಗಿದರೆ ಪ್ರಾಣಿ ನೋವಿಗೆ ಎರಡು ಕಾಲ ಮೇಲೆ ಎದ್ದು ನಿಲ್ಲುತ್ತದೆ. ನಾವು ದುಡ್ಡು ಕೊಟ್ಟು ನೋಡುತ್ತಿದ್ದ ಕುಣಿತ ಅಷ್ಟೇ.

ಕಾನೂನು ಇದ್ದೂ ಯಾಕೆ ನಿಲ್ಲಲಿಲ್ಲ? ಎರಡು ಕಾರಣ. ಪೊಲೀಸರು ಕರಡಿ ಹಿಡಿದರೂ ಅದನ್ನು ಎಲ್ಲಿ ಇಡಬೇಕು ಅನ್ನುವುದಕ್ಕೆ ಉತ್ತರ ಇರಲಿಲ್ಲ. ಇನ್ನೊಂದು, ಆಡಿಸುತ್ತಿದ್ದ ಖಲಂದರ್ ಸಮುದಾಯಕ್ಕೆ ಬೇರೆ ಕಸುಬೇ ಗೊತ್ತಿರಲಿಲ್ಲ. ಒಂದು ಕರಡಿ ಕಿತ್ತುಕೊಂಡರೆ ಇನ್ನೊಂದು ಮರಿ ತರುತ್ತಿದ್ದರು, ಮನೆ ನಡೆಯಬೇಕಲ್ಲ.

ಕಾರ್ತಿಕ್ ಸತ್ಯನಾರಾಯಣ ಮತ್ತು ಗೀತಾ ಶೇಷಮಣಿ 1995ರಲ್ಲಿ ಪ್ರಾಣಿಗಳನ್ನು ಕಾಪಾಡುವ ಸಂಸ್ಥೆ ವೈಲ್ಡ್‌ಲೈಫ್ ಎಸ್‌ಒಎಸ್ ಶುರು ಮಾಡಿದರು. ಅವರು ಖಲಂದರ್ ಊರುಗಳಿಗೆ ಹೋಗಿ ಜನರ ಜೊತೆ ಕೂತು ಮಾತಾಡಿದರು. ಕರಡಿ ಒಪ್ಪಿಸಿದವನಿಗೆ ಬೇರೆ ಕೆಲಸಕ್ಕೆ ಬಂಡವಾಳ ಕೊಟ್ಟರು. ಒಬ್ಬ ಆಟೋ ತಗೊಂಡ, ಇನ್ನೊಬ್ಬ ಸಣ್ಣ ಅಂಗಡಿ ಇಟ್ಟ. ಹೆಂಗಸರಿಗೆ ಹೊಲಿಗೆ ಕಲಿಸಿದರು, ಮಕ್ಕಳನ್ನು ಶಾಲೆಗೆ ಸೇರಿಸಿದರು. ಕೆಲವರಿಗೆ ಕರಡಿ ನೋಡಿಕೊಳ್ಳುವ ಕೆಲಸವನ್ನೇ ಕೊಟ್ಟರು. ಮತ್ತೆ ಕರಡಿ ಸಾಕುವುದಿಲ್ಲ ಅಂತ ಬರೆಸಿಕೊಂಡರು. ಕರಡಿಗೆ ಜಾಗ ಬೇಕಲ್ಲ, ಅದಕ್ಕೆ ಆಗ್ರಾದಲ್ಲಿ ಕೇಂದ್ರ ಆಯಿತು, ಆಮೇಲೆ 2005ರಲ್ಲಿ ನಮ್ಮ ಬನ್ನೇರುಘಟ್ಟದಲ್ಲಿ. ಹೀಗೆ 600ಕ್ಕೂ ಹೆಚ್ಚು ಕರಡಿಗಳು ಹಗ್ಗದಿಂದ ಬಿಡುಗಡೆಯಾದವು. ದೇಶದ ಕೊನೆಯ ಕುಣಿಯುವ ಕರಡಿ ಅಂತ ಹೇಳುವ ರಾಜುವಿನ ಹಗ್ಗ ಕತ್ತರಿಸಿದ್ದು 2009ರ ಡಿಸೆಂಬರಿನಲ್ಲಿ, ಬನ್ನೇರುಘಟ್ಟದಲ್ಲೇ.

ಬಿಡಿಸಿ ತಂದ ಮೇಲೂ ಎಲ್ಲ ಸರಿಹೋಗುವುದಿಲ್ಲ, ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಆ ಕರಡಿಗಳು ಮತ್ತೆ ಕಾಡಿಗೆ ಹೋಗಲಾರವು. ಹಲ್ಲಿಲ್ಲ, ಕಾಡಿನಲ್ಲಿ ಬದುಕಲು ಕಲಿಸುವ ತಾಯಿಯೂ ಇರಲಿಲ್ಲ. ಮೆತ್ತಗಿನ ಗಂಜಿ, ಹಣ್ಣು ಕೊಟ್ಟು ಸಾಯುವ ತನಕ ಸಾಕಬೇಕು. ಕೆಲವು ಹಗ್ಗ ಹೋಗಿ ವರ್ಷಗಳಾದರೂ ನಿಂತಲ್ಲೇ ತಲೆ ತೂಗುತ್ತಿರುತ್ತವೆ. ನಿಮ್ಮ ಊರಿನ ಆನೆ ತೂಗುತ್ತಿದ್ದದ್ದೂ ಅದೇ. ಕಟ್ಟಿಹಾಕಿದ ಪ್ರಾಣಿಗೆ ಮನಸ್ಸು ಕೆಟ್ಟಾಗ ಹಾಗೆ ಮಾಡುತ್ತದೆ. ಹುಡುಗರಿಗೆ ಇದನ್ನು ಹೇಳಿ, ಅವರು ಚಪ್ಪಾಳೆ ನಿಲ್ಲಿಸುತ್ತಾರೆ.

ಕೋರ್ಟು ಕಚೇರಿ:

ಆನೆಗೆ ಯಾಕೆ ಆಗುತ್ತಿಲ್ಲ ಅಂತ ಕೇಳಿದ್ದೀರಿ. ಕಾನೂನಿನಲ್ಲೇ ವ್ಯತ್ಯಾಸ ಇದೆ.

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರದ್ದು. ಅದರ 22ನೇ ಕಲಮಿನ ಕೆಳಗೆ ಕೇಂದ್ರ ಸರ್ಕಾರ 1998ರಲ್ಲಿ ಒಂದು ಅಧಿಸೂಚನೆ ಹೊರಡಿಸಿತು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹ, ಈ ಐದನ್ನು ಆಟಕ್ಕೆ ಪಳಗಿಸುವಂತಿಲ್ಲ, ಪ್ರದರ್ಶಿಸುವಂತಿಲ್ಲ. ಸರ್ಕಸ್ ಮಾಲೀಕರು ಕೋರ್ಟಿಗೆ ಹೋದರು, 2001ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತರು. ಸರ್ಕಸ್ಸಿನ ಹುಲಿ ಸಿಂಹಗಳು ಬನ್ನೇರುಘಟ್ಟದಂಥ ಪುನರ್ವಸತಿ ಕೇಂದ್ರಗಳಿಗೆ ಬಂದದ್ದು ಇದರಿಂದ. 2011ರಲ್ಲಿ ಎತ್ತು, ಹೋರಿಗಳನ್ನೂ ಪಟ್ಟಿಗೆ ಸೇರಿಸಿದರು. ಆನೆ ಆ ಪಟ್ಟಿಯಲ್ಲಿ ಇಲ್ಲ.

ವನ್ಯಜೀವಿ ಕಾಯ್ದೆಯಲ್ಲಿ ಆನೆಗೂ ಅತಿ ಹೆಚ್ಚಿನ ರಕ್ಷಣೆ ಇದೆ, ಒಂದನೇ ಅನುಸೂಚಿ. ಆದರೆ ಸಾಕಿದವರಿಗೆ ಮುಖ್ಯ ವನ್ಯಜೀವಿ ಪರಿಪಾಲಕರು ಮಾಲೀಕತ್ವದ ಪ್ರಮಾಣಪತ್ರ ಕೊಡಬಹುದು. ಮಾರುವುದು ನಿಷಿದ್ಧ, ಹಾಗಾಗಿ "ದಾನ" ಅಂತ ಬರೆದು ಕೈ ಬದಲಾಯಿಸುವುದು ನಡೆಯಿತು. 2022ರ ತಿದ್ದುಪಡಿ ಬಂದು, ಧಾರ್ಮಿಕ ಅಥವಾ "ಬೇರೆ ಯಾವುದೇ" ಉದ್ದೇಶಕ್ಕೆ ಆನೆ ವರ್ಗಾಯಿಸಬಹುದು ಅಂತಾಯಿತು. ಆ "ಬೇರೆ ಯಾವುದೇ" ಅನ್ನುವುದಕ್ಕೆ ಪ್ರಾಣಿಪ್ರಿಯರು ಆಗಲೇ ಗಲಾಟೆ ಮಾಡಿದರು, ಸರಿಯಾಗೇ ಮಾಡಿದರು. 2024ರಲ್ಲಿ ಅದಕ್ಕೆ ನಿಯಮಗಳೂ ಬಂದವು. ನನ್ನ ಅಭಿಪ್ರಾಯ ಕೇಳಿದರೆ, ಆನೆಯನ್ನು 1998ರ ಪಟ್ಟಿಗೆ ಸೇರಿಸುವ ತನಕ ನಾವು ಬೀದಿ ಬೀದಿಯಲ್ಲಿ ಒಂದೊಂದೇ ಆನೆಗೆ ಬಡಿದಾಡುತ್ತಲೇ ಇರಬೇಕು.

ದಂಡದ ಕಥೆಯೂ ಕೇಳಿ. 1960ರ ಕಾಯ್ದೆಯಲ್ಲಿ ಮೊದಲ ಸಲ ಹಿಂಸೆ ಮಾಡಿದವನಿಗೆ 10ರಿಂದ 50 ರೂಪಾಯಿ. ಇವತ್ತಿಗೂ ಅಷ್ಟೇ. ಬರೀ ಆ ಕಾಯ್ದೆಯಲ್ಲಿ ದೂರು ಕೊಟ್ಟರೆ ಅವನು ಅಲ್ಲೇ ದಂಡ ಕಟ್ಟಿ ಮುಂದಿನ ಊರಿಗೆ ಹೋಗುತ್ತಾನೆ. ಅದಕ್ಕೇ ಮೊದಲು ಕಾಗದ ಕೇಳಿ. ಪ್ರಮಾಣಪತ್ರ ಇದೆಯಾ, ಯಾರ ಹೆಸರಿನಲ್ಲಿದೆ, ಅದರಲ್ಲಿರುವ ಮೈಕ್ರೋಚಿಪ್ ಸಂಖ್ಯೆಯೂ ಆನೆಯ ಕಿವಿ ಹಿಂದಿನ ಚಿಪ್ಪೂ ಒಂದೇನಾ, ಬೇರೆ ರಾಜ್ಯದಿಂದ ತರಲು ಅನುಮತಿ ಇದೆಯಾ. ಕಾಗದ ಇಲ್ಲದಿದ್ದರೆ ಅದು ವನ್ಯಜೀವಿ ಅಪರಾಧ, ಅಲ್ಲಿ ಶಿಕ್ಷೆ ಮೂರು ವರ್ಷದಿಂದ ಏಳು ವರ್ಷ ಜೈಲು.

ವಿಡಿಯೋ ತೆಗೆಯಿರಿ, ಆದರೆ ಮೊದಲು ಅರಣ್ಯ ಇಲಾಖೆಗೆ ಕೊಡಿ. ಫೇಸ್‌ಬುಕ್ಕಿಗೆ ಮೊದಲು ಹಾಕಿದರೆ ಆನೆ ಆ ರಾತ್ರಿಯೇ ಲಾರಿ ಹತ್ತಿ ಗಡಿ ದಾಟುತ್ತದೆ.

ಕೆರೆ ಏರಿ:

ಎಲ್ಲರೂ ಕಾನೂನು ಹೇಳ್ತಿದ್ದೀರಿ, ನಾನು ಇನ್ನೊಂದು ಮಾತು ಹೇಳಬೇಕು. ಬೇಜಾರು ಮಾಡ್ಕೋಬೇಡಿ.

ಆನೆ ಮೇಲೆ ಕೂತವನು ಮಾಲೀಕ ಅಲ್ಲ. ಮಾಲೀಕ ಎಲ್ಲೋ ದೂರದಲ್ಲಿರುತ್ತಾನೆ. ಮಾವುತ, ಅವನ ಸಹಾಯಕ ಕಾವಾಡಿ ಇಬ್ಬರೂ ಸಂಬಳದವರು. ಅದರ ಜೊತೆಗೇ ರಸ್ತೆ ಬದಿ ಮಲಗುತ್ತಾರೆ. ಆನೆ ತಿರುಗಿಬಿದ್ದರೆ ಸಾಯುವವರೂ ಅವರೇ, ಕೇಸಾದರೆ ಒಳಗೆ ಹೋಗುವವರೂ ಅವರೇ. ನಿಮ್ಮ ಅಭಿಯಾನದಲ್ಲಿ ಅವರಿಗೆ ಏನಿದೆ? ಖಲಂದರ್ ಜನಕ್ಕೆ ಆಟೋ ಕೊಟ್ಟರು ಅಂದ್ರಿ, ತುಂಬಾ ಸಂತೋಷ. ಹಾಗೆ ಎಲ್ಲರಿಗೂ ಕೊಟ್ಟಿದ್ದಾರಾ?

ನಮ್ಮ ಊರಿಗೆ ಕೋಲೆ ಬಸವ ಬರುತ್ತದೆ. ಗೆಜ್ಜೆ, ಕೌದಿ ಹೊದಿಸಿ, ವಾಲಗ ಊದಿಕೊಂಡು ತರುತ್ತಾರೆ. ಮಗಳ ಮದುವೆ ಆಗುತ್ತದಾ ಅಂತ ಕೇಳಿದರೆ ತಲೆ ಅಲ್ಲಾಡಿಸುತ್ತದೆ. ಆ ಮನುಷ್ಯ ತಾನು ಉಣ್ಣುವ ಮೊದಲು ಅದಕ್ಕೆ ಹಿಂಡಿ ಇಡುವುದನ್ನು ನಾನೇ ನೋಡಿದ್ದೇನೆ. 2011ರ ಪಟ್ಟಿ ಹಿಡಿದುಕೊಂಡು ಯಾರಾದರೂ ಅವನನ್ನು ಠಾಣೆಗೆ ಎಳೆದರೆ ನಾನಂತೂ ಅವನ ಪರ ನಿಲ್ಲುತ್ತೇನೆ. ಕರಡಿ, ಆನೆ ಕಾಡಿನವು. ಬಸವ ಊರಿನದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಬನ್ನೇರುಘಟ್ಟ ರಸ್ತೆ:

@ಕೆರೆ ಏರಿ, ಮಾವುತರ ಮಾತು ನೂರಕ್ಕೆ ನೂರು ಸರಿ. ಬಸವನ ಬಗ್ಗೆ ಅರ್ಧ ಒಪ್ಪುತ್ತೇನೆ. ಅವನು ಚೆನ್ನಾಗಿ ಸಾಕಿರಬಹುದು. ಆದರೆ ಮೂಗುದಾರ ಹಾಕಿದ ಪ್ರಾಣಿಯನ್ನು ಬೆಂಗಳೂರಿನ ಸಿಗ್ನಲ್ಲುಗಳಲ್ಲಿ, ಬಸ್ಸುಗಳ ಹಾರ್ನ್ ನಡುವೆ ದಿನವಿಡೀ ನಡೆಸುವುದನ್ನೂ ನೋಡಿದ್ದೇನೆ. ಹಳ್ಳಿಯ ಸುಗ್ಗಿಗೆ ಬರುವ ಬಸವನಿಗೂ ಅದಕ್ಕೂ ವ್ಯತ್ಯಾಸ ಇದೆ ಅಲ್ವಾ. ಠಾಣೆಗೆ ಎಳೆಯುವುದು ಪರಿಹಾರ ಅಲ್ಲ, ಇದರಲ್ಲಿ ನಿಮ್ಮ ಜೊತೆ ಇದ್ದೇನೆ.

ನಿಪ್ಪಾಣಿ ಗಡಿ:

ನಮ್ಮ ಕಡೆಯ ಎರಡು ಆನೆಗಳ ಕಥೆ ಹೇಳ್ತೀನಿ, ಇದರಿಂದ ನಿಮಗೆ ಉಪಯೋಗ ಆದೀತು.

ಒಂದು ಸುಂದರ್. ಕೊಲ್ಹಾಪುರದ ಜ್ಯೋತಿಬಾ ದೇವಸ್ಥಾನಕ್ಕೆ 2007ರಲ್ಲಿ ಕೊಟ್ಟದ್ದು, ಆಗ ಇನ್ನೂ ಮರಿ. ಅದನ್ನು ಸರಪಳಿಯಲ್ಲೇ ಇಟ್ಟಿದ್ದರು, ಹೊಡೆಯುವ ವಿಡಿಯೋ ಹೊರಬಂತು. ಪ್ರಾಣಿ ಹಕ್ಕುಗಳ ಸಂಸ್ಥೆ ಪೇಟಾದವರು ಅಭಿಯಾನ ಮಾಡಿದರು. 2012ರಲ್ಲಿ ಮಹಾರಾಷ್ಟ್ರ ಸರ್ಕಾರವೇ ಬಿಡಿ ಅಂದಿತು, ಆದರೂ ಬಿಡಲಿಲ್ಲ. ಬಾಂಬೆ ಹೈಕೋರ್ಟು, ಸುಪ್ರೀಂ ಕೋರ್ಟು ಎಲ್ಲ ಆಗಿ 2014ರ ಜೂನಿನಲ್ಲಿ ಲಾರಿಯಲ್ಲಿ ಬನ್ನೇರುಘಟ್ಟಕ್ಕೆ ಬಂತು. ಆದೇಶ ಕೈಯಲ್ಲಿದ್ದೂ ಎರಡು ವರ್ಷ.

ಇನ್ನೊಂದು ಕೊಲ್ಹಾಪುರ ಜಿಲ್ಲೆಯ ನಾಂದಣಿ ಜೈನ ಮಠದ ಮಹಾದೇವಿ, ಮಾಧುರಿ ಅಂತಲೂ ಕರೆಯುತ್ತಾರೆ. ಮೂರು ದಶಕ ಮಠದಲ್ಲೇ ಇದ್ದ ಆನೆ. ಕಾಲಿನ ರೋಗ, ಸಂಧಿವಾತ ಇದೆ ಅಂತ 2025ರ ಜುಲೈನಲ್ಲಿ ಹೈಕೋರ್ಟು ಅದನ್ನು ಗುಜರಾತಿನ ವನತಾರಾ ಅನ್ನುವ ಖಾಸಗಿ ಪ್ರಾಣಿ ಆರೈಕೆ ಕೇಂದ್ರಕ್ಕೆ ಕಳಿಸಲು ಹೇಳಿತು. ಕಳಿಸುವ ದಿನ ಊರಿಗೆ ಊರೇ ಅತ್ತಿತು. ಆಮೇಲೆ ಸಾವಿರಾರು ಜನ ಬೀದಿಗಿಳಿದರು. ಅವರು ಕೆಟ್ಟವರಲ್ಲ. ಪ್ರೀತಿ ನಿಜ, ಆದರೆ ಕಾಂಕ್ರೀಟ್ ನೆಲದ ಮೇಲೆ ನಿಂತು ಆನೆಯ ಪಾದ ಹಾಳಾಗುವುದೂ ನಿಜ. ಅದರ ಪಾದ ಮೆತ್ತಗಿನ ಮಣ್ಣಿಗೆ ಆದದ್ದು. ದಿನಕ್ಕೆ ಎಷ್ಟೋ ಕಿಲೋಮೀಟರು ನಡೆಯುವ, ಹಿಂಡಿನಲ್ಲಿ ಇರುವ ಪ್ರಾಣಿ. ಈ ಮಾತನ್ನು ಕೋರ್ಟಿಗೆ ಹೋಗುವ ಮೊದಲು ಊರಿನವರ ಮುಂದೆ ಕೂತು ಯಾರಾದರೂ ಹೇಳಬೇಕಿತ್ತು ಅಂತ ನನಗನಿಸುತ್ತದೆ.

ಮಠಗಳೇ ದಾರಿ ತೋರಿಸುತ್ತಿರುವುದೂ ಇದೆ. ಸುತ್ತೂರು ಮಠಕ್ಕೆ 2023ರಲ್ಲಿ ಯಂತ್ರದ ಆನೆ ಬಂತು, ಪೇಟಾ ಮತ್ತು ಬೆಂಗಳೂರಿನ ಕ್ಯೂಪಾ ಸಂಸ್ಥೆ ಕೊಟ್ಟದ್ದು, ಹೆಸರು ಶಿವ. ಕಿವಿ ಬೀಸುತ್ತದೆ, ಸೊಂಡಿಲು ಎತ್ತುತ್ತದೆ. ಅದಕ್ಕೂ ಮೊದಲು ಅದೇ ವರ್ಷ ತ್ರಿಶ್ಶೂರಿನ ಒಂದು ದೇವಸ್ಥಾನದಲ್ಲಿ ಶುರುವಾಗಿತ್ತು. ನಿಮ್ಮ ಊರಿನ ಗುಡಿಯ ಹಿರಿಯರಿಗೆ ಇದರ ಫೋಟೋ ತೋರಿಸಿ. ಆನೆಗೆ ದುಡ್ಡು ಕೊಡಬೇಡಿ ಅಂತ ಅಂಗಡಿಯವರಿಗೆ ಅವರು ಹೇಳಿದರೆ ನಾವು ನೂರು ಪೋಸ್ಟರ್ ಅಂಟಿಸಿದ್ದಕ್ಕಿಂತ ಜಾಸ್ತಿ ನಡೆಯುತ್ತದೆ. ಕಲೆಕ್ಷನ್ ಇಲ್ಲದ ಊರಿಗೆ ಯಾರೂ ಆನೆ ತರುವುದಿಲ್ಲ.

ಮಲಪ್ರಭಾ ದಂಡೆ:

ಎಲ್ಲರಿಗೂ ಬಹಳ ಧನ್ಯವಾದ. ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಗುಡಿ ಕಮಿಟಿಯಲ್ಲಿ ನಮ್ಮ ಕಾಕಾ ಇದ್ದಾರೆ, ಅವರ ಜೊತೆ ಮಾತಾಡುತ್ತೇನೆ. @ಕೋರ್ಟು ಕಚೇರಿ ಸರ್, ಆನೆ ಈಗ ಪಕ್ಕದ ತಾಲ್ಲೂಕಿನಲ್ಲಿದೆ ಅಂತ ಸುದ್ದಿ. ಕಾಗದ ಕೇಳಿ ಅಂದ್ರಿ, ನಾವು ಸಾಮಾನ್ಯ ಜನ ಕೇಳಿದರೆ ಅವರು ತೋರಿಸುತ್ತಾರಾ?

ಕೋರ್ಟು ಕಚೇರಿ:

ನಿಮಗೆ ತೋರಿಸುವುದಿಲ್ಲ, ಜಗಳಕ್ಕೂ ಹೋಗಬೇಡಿ. ಜನ ಸುತ್ತುವರಿದರೆ ಆನೆ ಬೆದರುತ್ತದೆ, ಯಾರಾದರೂ ಕಾಲ್ತುಳಿತಕ್ಕೆ ಸಿಗುತ್ತಾರೆ.

ಇವತ್ತೇ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ, ಜಾಗ ಹೇಳಿ. ಜೊತೆಗೆ ವಲಯ ಅರಣ್ಯಾಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ದೂರಿನಲ್ಲಿ ಕಾಲಿನ ಗಾಯದ ವಿಷಯ ಬರೆದು, ಸರ್ಕಾರಿ ಪಶುವೈದ್ಯರಿಂದ ತಪಾಸಣೆ ಮಾಡಿಸಿ, ಚಿಪ್ ಓದಿಸಿ ಅಂತ ಕೇಳಿ. ಆ ವೈದ್ಯರ ವರದಿ ಮುಂದೆ ಕೋರ್ಟಿನಲ್ಲಿ ನಿಮ್ಮ ವಿಡಿಯೋಗಿಂತ ಗಟ್ಟಿ ನಿಲ್ಲುತ್ತದೆ. ಒಂದು ಪ್ರತಿ ಜಿಲ್ಲಾಧಿಕಾರಿಗೂ ಕೊಡಿ, ಜಿಲ್ಲಾ ಪ್ರಾಣಿ ದಯಾ ಸಂಘದ ಅಧ್ಯಕ್ಷರು ಅವರೇ. ಆನೆ ವಶಕ್ಕೆ ತೆಗೆದುಕೊಂಡರೆ ಎಲ್ಲಿಡಬೇಕು ಅನ್ನುವ ಪ್ರಶ್ನೆ ಅಧಿಕಾರಿ ಕೇಳಿಯೇ ಕೇಳುತ್ತಾರೆ. ಮಾಲೂರಿನಲ್ಲಿ ವನ್ಯಜೀವಿಗಳನ್ನು ಕಾಪಾಡುವ ಡಬ್ಲ್ಯುಆರ್‌ಆರ್‌ಸಿ ಸಂಸ್ಥೆಯ ಆನೆ ಆರೈಕೆ ಕೇಂದ್ರ ಇದೆ, ಅವರ ಜೊತೆ ನೀವೇ ಮೊದಲು ಮಾತಾಡಿಟ್ಟುಕೊಂಡರೆ ಒಳ್ಳೆಯದು. ಮಾವುತನಿಗೂ ಅಲ್ಲೇ ಕೆಲಸ ಸಿಗಬಹುದಾ ಅಂತ ಕೇಳಿ, ಕೆರೆ ಏರಿಯವರ ಮಾತು ನ್ಯಾಯವಾದದ್ದು.

ಪ್ರಮಾಣಪತ್ರದ ಪ್ರತಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದ ಮೀರದ ಹಾಗೆ ಇರಬೇಕು, ಇಲ್ಲದಿದ್ದರೆ ವಾಪಸ್ ಕಳಿಸುತ್ತಾರೆ. ಆನೆ ಯಾವ ರಾಜ್ಯದ್ದು ಅಂತ ಗೊತ್ತಾದ ಮೇಲೆ ಅಲ್ಲಿನ ಮುಖ್ಯ ವನ್ಯಜೀವಿ ಪರಿಪಾಲಕರ ಕಚೇರಿಗೂ ಇನ್ನೊಂದು ಹಾಕಿ. ಕರಡು ಬರೆದು ಇಲ್ಲಿ ಹಾಕಿದರೆ ನೋಡಿ ತಿದ್ದಿಕೊಡುತ್ತೇನೆ.