ಡಬಲ್ ಮಾರ್ಕರ್‌ನಲ್ಲಿ 1:180 ಬಂದಿದೆ, ಮುಂದೇನು?

ಬದಿಯಡ್ಕದ ಸೊಸೆ:
ನನಗೆ 33 ವರ್ಷ, ಈಗ 13 ವಾರ. ಡಬಲ್ ಮಾರ್ಕರ್ ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಟ್ರೈಸೋಮಿ 21ಕ್ಕೆ (ಡೌನ್ ಸಿಂಡ್ರೋಮ್, 21ನೇ ಕ್ರೋಮೋಸೋಮ್ ಒಂದು ಜಾಸ್ತಿ ಇರುವುದು) 1:180, ಹೈ ರಿಸ್ಕ್ ಅಂತ ಬರೆದಿದ್ದಾರೆ. ಡಾಕ್ಟರ್ 'ಎನ್‌ಐಪಿಟಿ ಮಾಡಿಸಿ, ಇಲ್ಲಾಂದ್ರೆ ಗರ್ಭದ ನೀರು ತೆಗೆದು ನೋಡೋಣ' ಎಂದರು, ಅಷ್ಟೆ. ಹೊಟ್ಟೆಗೆ ಸೂಜಿ ಹಾಕಿದರೆ ಮಗು ಹೋಗುತ್ತದೆ, ಬೇಡ ಅಂತಾರೆ ಅತ್ತೆ. ಇನ್ನೊಂದು ಹೆದರಿಕೆ, ನನ್ನ ತವರು ಎಣ್ಮಕಜೆ. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಹೊಡೆಯುತ್ತಿದ್ದ ಕಾಲದಲ್ಲೇ ಹುಟ್ಟಿದವಳು ನಾನು. ಇದು ಅದರಿಂದಲೇ ಅಲ್ವಾ?

ಲ್ಯಾಬ್ ಅಕ್ಕ:
ಮಾರಾಯ್ತಿ, 1:180 ಅಂದರೆ ಇದೇ ರಿಪೋರ್ಟ್ ಬಂದ 180 ಜನರಲ್ಲಿ ಒಬ್ಬರ ಮಗುವಿಗೆ ಇರಬಹುದು, 179 ಮಂದಿಗೆ ಇಲ್ಲ. ಮೊದಲು ನಿಮ್ಮ ವಯಸ್ಸು, ತೂಕ, ಎಷ್ಟು ವಾರ ಅನ್ನುವುದನ್ನು ಸರಿಯಾಗಿ ಹಾಕಿದ್ದಾರಾ ನೋಡಿ, ಕಂಪ್ಯೂಟರ್ ಹಾಕುವ ಲೆಕ್ಕ ಅದು, ಒಂದು ತಪ್ಪಿದರೂ ಸಂಖ್ಯೆ ಬೇರೆಯೇ ಬರುತ್ತದೆ. ಎನ್‌ಟಿ ಸ್ಕ್ಯಾನ್ (ಮಗುವಿನ ಕುತ್ತಿಗೆಯ ಹಿಂದಿನ ನೀರಿನ ದಪ್ಪ ಅಳೆಯುವುದು) ಸೇರಿಸಿದ್ದಾರಾ, ಬರೀ ರಕ್ತದ್ದಾ?
ಎನ್‌ಐಪಿಟಿಗೆ ಹೊಟ್ಟೆಗೆ ಸೂಜಿ ಇಲ್ಲ. ನಿಮ್ಮ ಕೈಯಿಂದ ತೆಗೆದ ರಕ್ತದಲ್ಲೇ ಮಾಸಿನ ಡಿಎನ್‌ಎ ಚೂರುಗಳಿರುತ್ತವೆ, ಅದರಲ್ಲಿ 21, 18, 13ನೇ ಕ್ರೋಮೋಸೋಮಿನದ್ದು ಜಾಸ್ತಿ ಇದೆಯಾ ನೋಡುತ್ತಾರೆ. ನೇರ ಮಗುವಿನದ್ದಲ್ಲ, ಮಾಸಿನದ್ದಾದ ಕಾರಣ ಪಾಸಿಟಿವ್ ಬಂದರೂ ಅದೇ ಕೊನೆ ಅಲ್ಲ, ಆಮ್ನಿಯೋ (ಡಾಕ್ಟರ್ ಹೇಳಿದ ಗರ್ಭದ ನೀರಿನ ಪರೀಕ್ಷೆ) ಮಾಡಿಸದೆ ಯಾವ ತೀರ್ಮಾನಕ್ಕೂ ಹೋಗಬೇಡಿ. ಅತ್ತೆಯ ಹೆದರಿಕೆ ಪೂರ್ತಿ ಸುಳ್ಳಲ್ಲ, ಆದರೆ ಆಮ್ನಿಯೋದಿಂದ ಮಗು ಹೋಗುವುದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ.

ಪೆರ್ಲದವ:
ಎಂಡೋಸಲ್ಫಾನ್ ಬಗ್ಗೆ. ನಮ್ಮ ಕಡೆ ಏನಾದರೂ ಅದರ ತಲೆಗೇ ಕಟ್ಟುತ್ತೇವೆ, ಕಟ್ಟದೆ ಏನು ಮಾಡುವುದು, ತೊಂದರೆ ಇರುವ ಅಷ್ಟು ಮಕ್ಕಳನ್ನು ನೋಡಿದ್ದೇವೆ. ಆದರೆ ಈ 1:180ರ ಲೆಕ್ಕದಲ್ಲಿ ಅದು ಇಲ್ಲವೇ ಇಲ್ಲ. ಹೆಚ್ಚಾಗಿ ಅಂಡಾಣು ತಯಾರಾಗುವಾಗ 21ನೇ ಜೋಡಿ ಬೇರೆಯಾಗದೆ ಒಟ್ಟಿಗೇ ಹೋಗಿಬಿಡುತ್ತದೆ, ಹಾಗಾಗಿ 46ರ ಬದಲು 47. ತಾಯಿಯ ವಯಸ್ಸು ಏರಿದಂತೆ ಇದು ಜಾಸ್ತಿ. ಕ್ರೋಮೋಸೋಮ್ ಸರಿ ಇದ್ದೂ ಬೆನ್ನುಹುರಿ, ಹೃದಯದ ತೊಂದರೆ ಇರಬಹುದು, ಅದಕ್ಕೆ 18–20 ವಾರದ ಅನಾಮಲಿ ಸ್ಕ್ಯಾನ್ ಬಿಡಬೇಡಿ.

ಇಬ್ಬರು ಮಕ್ಕಳ ಅಮ್ಮ:
ನನ್ನ ಎರಡನೆಯವನಿಗೆ ಡೌನ್ ಸಿಂಡ್ರೋಮ್. ಹೃದಯದಲ್ಲಿ ತೂತಿತ್ತು, ಆಪರೇಷನ್ ಆಯಿತು, ಈಗ ಶಾಲೆಗೆ ಹೋಗುತ್ತಾನೆ, ಅಣ್ಣನ ಜೊತೆ ಜಗಳಕ್ಕೂ ಕಡಿಮೆ ಇಲ್ಲ. ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುತ್ತದೆ. ಹಾಗಾಗಿ ಏನು ಬಂದರೂ ಹೆರುವುದೇ ಅಂತಿದ್ದರೂ ಟೆಸ್ಟ್ ದಂಡ ಅಲ್ಲ, ಹೆರಿಗೆ ಎಲ್ಲಿ ಅಂತ ಮೊದಲೇ ನೋಡಿಡಬಹುದು. ಬೇಡ ಅಂತಾದರೆ ಗರ್ಭಪಾತ ಕಾನೂನಿನ 2021ರ ತಿದ್ದುಪಡಿಯಂತೆ, ಮಗುವಿಗೆ ಗಂಭೀರ ತೊಂದರೆ ಇದ್ದರೆ 24 ವಾರದವರೆಗೆ ಅವಕಾಶ ಇದೆ, ಆಮೇಲೆ ಮೆಡಿಕಲ್ ಬೋರ್ಡ್. ಆಮ್ನಿಯೋದ ಪೂರ್ತಿ ರಿಪೋರ್ಟಿಗೇ ಎರಡು ಮೂರು ವಾರ ಬೇಕು, ಕೋಶ ಬೆಳೆಸಿ ನೋಡಬೇಕಲ್ಲ. ಇಬ್ಬರೂ ಕೂತು ಈಗಲೇ ಮಾತಾಡಿ.

ಬದಿಯಡ್ಕದ ಸೊಸೆ:
ಎನ್‌ಟಿ ಸೇರಿಸಿಲ್ಲ ಅಕ್ಕ, ಬರೀ ರಕ್ತದ್ದು. 13 ವಾರ 6 ದಿನ ದಾಟಿದರೆ ಅದನ್ನು ಮಾಡಲು ಆಗುವುದಿಲ್ಲವಂತೆ. ನಾಳೆಯೇ ಮಂಗಳೂರಿಗೆ ಹೊರಟೆವು.